ಕುಕ್ಕರ್ ಸೀಟಿಯ ನಡುವೆ ಹಾಕಿದ ಸಹಿ

ನಾನೊಂದು ಸಭೆಗೆ ಹೋಗಿದ್ದೆ ಎಂಬುದು ನನಗೆ ಗೊತ್ತಾದದ್ದು ಆ ಸಭೆ ಮುಗಿದು ಹದಿನೈದು ದಿನಗಳಾದ ಮೇಲೆ!

ನಗಬೇಡಿ. ಪೂರ್ತಿ ಕೇಳಿ.

ಬ್ಯಾಡಗಿಯಲ್ಲಿ ಮನೆ, ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಪಾಠ, ಬೆಳಿಗ್ಗೆ ರೈಲು, ಸಂಜೆ ಬಸ್ಸು. ನನ್ನ ಈ ದಿನಚರಿ ನಿಮಗೆ ಹೊಸದಲ್ಲ. (ರೈಲು ತಡವಾದ ದಿನಗಳ ಪುರಾಣ ಬರೆದು ಬರೆದು ಆಗಲೇ ನಿಮ್ಮ ತಲೆ ತಿಂದಿದ್ದೇನೆ.) ಹೋದ ತಿಂಗಳು ಒಂದು ಸಂಜೆ ಬಸ್ಸಿಳಿದು ನಮ್ಮ ಓಣಿಗೆ ತಿರುಗಿದೆ. ಕೊನೆಯ ಮನೆ ಕಾಶವ್ವನದು. ಮನೆಯ ಮುಂದೆ ಅವಳ ಎರಡು ವರ್ಷದ ಮೊಮ್ಮಗಳು ಎರಡೂ ಕೈ ಮೇಲೆತ್ತಿಕೊಂಡು, ಎತ್ತಿಕೋ ಎಂದು ಹಟ ಹಿಡಿದು ಅಳುತ್ತಿದ್ದಳು. ಕಾಶವ್ವ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು!

"ಎತ್ಕೋ ಕಾಶವ್ವಾ, ಉಸಿರು ಕಟ್ಟಿ ಅಳಾಕತ್ತೈತಿ ಕೂಸು," ಎಂದೆ.

"ಹೆಂಗ ಎತ್ಕೊಳ್ಳಲಿ ಅಕ್ಕೋರ? ಕೈ ಎಲ್ಲಾ ಖಾರ ಆಗ್ಯಾವ. ತೊಳಕೊಳ್ಳಾಕ ಮನ್ಯಾಗ ಒಂದ ತಂಬಿಗಿ ನೀರಿಲ್ಲ."

ಕಾಶವ್ವ, ಅವಳ ಸೊಸೆ, ಇಬ್ಬರೂ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಕಾಯಿಯ ರಾಶಿಯ ಮುಂದೆ ಬೆಳಿಗ್ಗೆ ಕೂತರೆ ಸಂಜೆಯವರೆಗೆ ಒಂದೊಂದೇ ತೊಟ್ಟು ಕಿತ್ತು ಹಾಕುವುದು. ಸಂಜೆಯ ಹೊತ್ತಿಗೆ ಬೆರಳೆಲ್ಲ ಭಗಭಗ, ಸೀರೆಯೆಲ್ಲ ಘಾಟು. ಆ ಕೈಯನ್ನು ಚೆನ್ನಾಗಿ ತೊಳೆಯದೆ ಮಗುವಿನ ಕೆನ್ನೆ ಮುಟ್ಟಿದರೆ ಏನಾಗುತ್ತದೆ ಎಂದು ಮೆಣಸಿನಕಾಯಿ ಸೀಮೆಯವರಿಗೆ ನಾನು ಹೇಳಬೇಕೆ?

ಮನೆಗೆ ಓಡಿ ಒಂದು ಕೊಡ ನೀರು ತಂದುಕೊಟ್ಟೆ. ಮೊಣಕೈತನಕ ಸೋಪು ಹಚ್ಚಿ ತೊಳೆದಳು. ಮೂಸಿ ನೋಡಿದಳು. ಮತ್ತೆ ತೊಳೆದಳು. ಮತ್ತೆ ಮೂಸಿದಳು. ಮೂರನೇ ಸಲ ತೊಳೆದ ಮೇಲೆ ಮೊಮ್ಮಗಳನ್ನು ಎತ್ತಿಕೊಂಡಳು. ಮಗು ಬಿಕ್ಕುತ್ತಲೇ ಅವಳ ಹೆಗಲಿಗೆ ಒರಗಿ ಸುಮ್ಮನಾಯಿತು.

"ಯಾಕ, ನಳ ಬಂದಿಲ್ಲೇನು ಈ ಸಲ?"

"ಬಂದಿದ್ದು. ಮುಂಜಾನಿ ಹತ್ತೂವರಿಗೆ. ಮೊದಲ ಆರಕ್ಕ ಬರ್ತಿದ್ದು, ತುಂಬಿಟ್ಟು ಕೆಲಸಕ್ಕ ಹೋಗ್ತಿದ್ವಿ. ಈಗ ಹತ್ತೂವರಿಗೆ ನಾವು ಮನ್ಯಾಗ ಎಲ್ಲಿರ್ತೀವ್ರಿ?"

ನಮ್ಮ ಓಣಿಗೆ ನೀರು ನಾಲ್ಕು ದಿನಕ್ಕೊಮ್ಮೆ. ಮನೆಯೊಳಗೆ ನಳ ಇಲ್ಲದವರಿಗೆ ಮೂಲೆಯಲ್ಲೊಂದು ಸಾರ್ವಜನಿಕ ನಳ. ಟೈಮ್ ಬದಲಾದ ಮೇಲೆ ಮೊದಲ ಸಲ ಕಾಶವ್ವ ಕೆಲಸ ಬಿಟ್ಟು ನಿಂತು ನೀರು ಹಿಡಿದಳಂತೆ. ಎರಡನೇ ಸಲ ಸೊಸೆ ನಿಂತಳು. ಇನ್ನೊಂದು ಸಲ ಯಾರಾದರೂ ಬಿಟ್ಟರೆ ಇಬ್ಬರೂ ಬರಬೇಡಿ, ನಿಮ್ಮ ಜಾಗಕ್ಕೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಅಲ್ಲಿಯ ಮೇಸ್ತ್ರಿ ಹೇಳಿದನಂತೆ. ಹಾಗಾಗಿ ಮೂರನೇ ಸಲ ಯಾರೂ ನಿಲ್ಲಲಿಲ್ಲ. ಮನೆಯಲ್ಲಿ ಮಗು ನೋಡಿಕೊಳ್ಳುವ ಕಾಶವ್ವನ ಮುದಿ ಅತ್ತೆಗೆ ಮೊಣಕಾಲು ನೋವು, ಕೊಡ ಹೊರುವುದು ಆಗದ ಮಾತು.

ನನಗೆ ಖರೇ ಸಿಟ್ಟು ಬಂತು. "ಎಂಥಾ ಅನ್ಯಾಯ ಇದು! ಯಾರು ಮಾಡಿದ್ರು ಹಿಂಗ?"

ಕಾಶವ್ವ ನನ್ನ ಮುಖವನ್ನೇ ನೋಡಿದಳು. "ನೀವ ಅಲ್ರೀ?"

"ನಾನಾ?"

"ಸಭಾದಾಗ ಎಲ್ಲಾರೂ ಒಪ್ಪಿ ಸಹಿ ಮಾಡ್ಯಾರ ಅಂತ ಗುರುಪಾದಪ್ಪಜ್ಜಾರು ಪುಸ್ತಕಾ ತಗದು ತೋರಿಸಿದ್ರು. ನಿಮ್ಮ ಹೆಸರೂ ಓದಿ ಹೇಳಿದ್ರು. ಅಕ್ಕೋರ ಒಪ್ಪ್ಯಾರಂದ ಮ್ಯಾಲ ನಂದೇನೈತಿ ಅಂತ ಸುಮ್ಮನ ಬಂದ್ನಿ."

ಅದರಲ್ಲಿ ಒಂದಿಷ್ಟೂ ವ್ಯಂಗ್ಯ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲ ನೆನಪಾಯಿತು. ಹದಿನೈದು ದಿನಗಳ ಹಿಂದಿನ ಬೆಳಗು. ಒಲೆಯ ಮೇಲೆ ಕುಕ್ಕರ್, ಪಕ್ಕದಲ್ಲಿ ಒಗ್ಗರಣೆ, ಡಬ್ಬಿ ಕಟ್ಟುವುದು ಬಾಕಿ, ರೈಲಿಗೆ ಹೆಚ್ಚು ಹೊತ್ತಿಲ್ಲ. ಬಾಗಿಲಲ್ಲಿ ನಮ್ಮ ಓಣಿ ಸಮಿತಿಯ ಅಧ್ಯಕ್ಷರಾದ ಗುರುಪಾದಪ್ಪ ಕಾಕಾ. ನೌಕರಿಯಿಂದ ರಿಟೈರ್ ಆದವರು. ಕಂಕುಳಲ್ಲಿ ಉದ್ದನೆಯ ಪುಸ್ತಕ.

"ಅಕ್ಕೋರ, ಇಲ್ಲೊಂದು ಸಹಿ ಹಾಕ್ರಿ. ಕೋರಂ ಆಗವಲ್ದು."

"ಏನ್ ಕಾಕಾ ಇದು?"

ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಕಾಕಾ ಏನೋ ಹೇಳಿದರು. ನನಗೆ ಕೇಳಲಿಲ್ಲ. ಕೇಳಿಸಿಕೊಳ್ಳಲು ನಾನು ಪ್ರಯತ್ನವನ್ನೂ ಮಾಡಲಿಲ್ಲ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪೆನ್ನು, ಗೀಚಿ ಕಳಿಸಿದೆ. ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ನಾನು ಸಭೆಗೆ ಹೋಗಿ ಬಂದಿದ್ದೆ!

ಗಂಡನಿಗೆ ಹೇಳಿದೆ. ಇವರು ಪೇಪರ್ ಮಡಚಿಟ್ಟು ನಕ್ಕರು. "ಹೌದಾ? ಹುಡುಗರ ಪ್ರೋಗ್ರೆಸ್ ಕಾರ್ಡಿನ್ಯಾಗ ಅಪ್ಪನ ಸಹಿ ಖರೇನೋ ಖೊಟ್ಟಿನೋ ಅಂತ ಕನ್ನಡಕ ಹಾಕ್ಕೊಂಡು ನೋಡಾಕಿ ನೀನ ಅಲ್ಲೇನು?"

"ಸುಮ್ಮನಿರ್ರಿ."

"ನನಗೇನೋ ಛಲೋನ ಆತು. ಹತ್ತೂವರಿಗೆ ಕರೆಂಟ್ ಇರತೈತಿ. ಮೋಟರ್ ಹಾಕಿ ಟಾಕಿ ತುಂಬಿಸೇ ಅಂಗಡಿಗೆ ಹೋಗ್ತೀನಿ."

ಅಲ್ಲಿಗೆ ನನ್ನ ಮುಖ ಇನ್ನಷ್ಟು ಸಣ್ಣದಾಯಿತು. ಹದಿನೈದು ದಿನಗಳಿಂದ ನಮ್ಮ ಟಾಕಿ ಸಲೀಸಾಗಿ ತುಂಬುತ್ತಿತ್ತು. ಯಾಕೆ ತುಂಬುತ್ತಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಟಾಕಿ ತುಂಬಿದವರು ಯಾಕೆ ಕೇಳುತ್ತಾರೆ ಹೇಳಿ?

ಭಾನುವಾರ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಜಗಳವಾಡಬೇಕೆಂದೇ ಹೋದದ್ದು. ಕಾಕಾ ಪುಸ್ತಕ ತಂದು ಮುಂದಿಟ್ಟರು. ನನ್ನ ಸಹಿ ಇತ್ತು. ಪಕ್ಕದಲ್ಲೇ ಅರಿಶಿನದ ಹೆಬ್ಬೆರಳ ಗುರುತು. ಬೇರೆ ಯಾರ ಸಹಿಯಾದರೂ ಅಲ್ಲವೆನ್ನಬಹುದಿತ್ತು, ನನ್ನ ಸಹಿಯನ್ನು ನನ್ನ ಒಗ್ಗರಣೆಯೇ ಖಾತ್ರಿ ಮಾಡಿಬಿಟ್ಟಿತ್ತು. ಮೇಲಿನ ಸಾಲು ಓದಿದೆ. 'ಹಾಜರಿದ್ದ ಸರ್ವರೂ ಕೂಲಂಕಷವಾಗಿ ಚರ್ಚಿಸಿ, ಸರ್ವಾನುಮತದಿಂದ.'

"ಎಷ್ಟು ಮಂದಿ ಬಂದಿದ್ರು ಕಾಕಾ, ಖರೇ ಹೇಳ್ರಿ."

"ಆರು. ನಾ ಹಿಡದು." ಕಾಕಾ ಮುಚ್ಚುಮರೆ ಮಾಡಲಿಲ್ಲ. "ಆರೂ ಮಂದಿ ಮನ್ಯಾಗ ಮೋಟರ್ ಅದಾವ. ಮುಂಜಾನಿ ಆರಕ್ಕ ಕರೆಂಟ್ ಇರಂಗಿಲ್ಲ, ಹತ್ತೂವರಿಗೆ ಬರಲಿ ಅಂದ್ರು. ಬ್ಯಾಡ ಅನ್ನಾವ್ರು ಒಬ್ಬರೂ ಇರಲಿಲ್ಲ. ನಾ ಏನ್ ಮಾಡ್ಲಿ?"

"ಕಾಶವ್ವನಂಥಾವ್ರನ್ನ ಒಂದ ಮಾತು ಕೇಳಬೇಕಿಲ್ಲೋ?"

ಈಗ ಕಾಕಾನಿಗೂ ಸಿಟ್ಟು ಬಂತು. "ಅಕ್ಕೋರ, ಕರದಾಗ ನೀವು ಬರಲಿಲ್ಲ. ಪುಸ್ತಕಾ ತಂದಾಗ ಓದಲಿಲ್ಲ. ಈಗ ಬಂದು ನನ್ನ ಕೇಳಾಕತ್ತೀರಿ. ಈ ವಯಸ್ಸಿನ್ಯಾಗ ನಾ ಮನಿ ಮನಿ ತಿರಗೂದು ನನ್ನ ಸಲುವಾಗೇನು?"

ನಾನು ಜಗಳಕ್ಕೆಂದು ತಂದ ಮಾತುಗಳನ್ನೆಲ್ಲ ವಾಪಸ್ ಒಳಗಿಟ್ಟುಕೊಂಡೆ. ಏನು ತಪ್ಪಿದೆ ಅವರ ಮಾತಿನಲ್ಲಿ?

ನೋಡಿ, ನಮ್ಮ ಓಣಿಯ ಪದ್ಧತಿ ಹೀಗಿದೆ. ನೀರು, ಗಟಾರು, ಬೀದಿ ದೀಪಗಳ ಬಗ್ಗೆ ಮಾತಾಡಲು ತಿಂಗಳಿಗೊಂದು ಸಭೆ. ನೀರಿನ ಟೈಮು ಓಣಿಯವರೇ ಗೊತ್ತು ಮಾಡಿ ಠರಾವು ಬರೆದುಕೊಟ್ಟರೆ, ನೀರು ಬಿಡುವವನು ಅದರಂತೆ ಬಿಡುತ್ತಾನೆ. ಠರಾವಿಗೆ ಇಪ್ಪತ್ತೊಂದು ಮಂದಿ ಹಾಜರಿರಬೇಕು ಎಂದು ನಾವೇ ನಿಯಮ ಮಾಡಿಕೊಂಡಿದ್ದೇವೆ. ಸಭೆ ಯಾವಾಗ? ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಹನುಮಪ್ಪನ ಗುಡಿಯಲ್ಲಿ. ಗುರುವಾರ ಶುಭ ಎಂದು ಯಾರೋ ಹಿರಿಯರು ಯಾವಾಗಲೋ ಹೇಳಿದ್ದರಂತೆ. ಶುಭವೇನೋ ಹೌದು. ಆದರೆ ಬ್ಯಾಡಗಿಯಲ್ಲಿ ಗುರುವಾರವೆಂದರೆ ಮೆಣಸಿನಕಾಯಿ ಮಾರ್ಕೆಟ್ಟು! ಹಮಾಲರು, ದಲಾಲರು, ಗಾಡಿಯವರು, ಚಹಾದ ಅಂಗಡಿಯವರು, ತೊಟ್ಟು ಬಿಡಿಸುವವರು, ಯಾರಿಗೆ ಅವತ್ತು ತಲೆ ಕೆರೆದುಕೊಳ್ಳಲು ಪುರಸೊತ್ತು? ನಾನು ರಾಣೆಬೆನ್ನೂರಿನಲ್ಲಿ ಬೋರ್ಡಿನ ಮುಂದೆ. ಇವರು ಅಂಗಡಿಯಲ್ಲಿ. ಗುಡಿಯಲ್ಲಿ ಉಳಿಯುವವರು ಹನುಮಪ್ಪ ಮತ್ತು ಆರು ಮಂದಿ ರಿಟೈರ್ಡ್.

ಉಳಿದ ಹದಿನೈದು ಸಹಿ ಮರುದಿನ ಮನೆ ಮನೆಯಿಂದ ಬರುತ್ತವೆ. ಇದನ್ನು ಮೋಸ ಎಂದು ನಾವ್ಯಾರೂ ಅಂದುಕೊಂಡಿಲ್ಲ. ಪುಸ್ತಕ ತಂದವರಿಗೆ ಚಹಾ ಕೊಟ್ಟು ಕಳಿಸುವಷ್ಟು ಮರ್ಯಾದಸ್ಥರು ನಾವು!

ಕಾಕಾ ಸಮಾಧಾನ ಮಾಡಿಕೊಂಡು ದಾರಿ ತೋರಿಸಿದರು. "ಮತ್ತ ಆರಕ್ಕ ನೀರು ಬಿಡಬೇಕು ಅಂತ ಠರಾವು ನೀವ ಬರೀರಿ. ಪುಸ್ತಕಾ ಒಯ್ರಿ. ಇಪ್ಪತ್ತೊಂದು ಸಹಿ ತರ್ರಿ. ಮುಗೀತು."

ಇಷ್ಟು ಸುಲಭವೇ? ನಾನು ಅಲ್ಲೇ ಕೂತು, ದುಂಡಗಿನ ಅಕ್ಷರದಲ್ಲಿ, ಸರ್ವರೂ ಕೂಲಂಕಷವಾಗಿ ಚರ್ಚಿಸಿದರು ಎಂದು ಬರೆದೆ. (ಹೌದು, ನಾನೇ ಬರೆದೆ.) ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟೆ. ಮಧ್ಯಾಹ್ನದ ಊಟದೊಳಗೆ ಹದಿನೆಂಟು ಸಹಿ! ಒಬ್ಬರು ಸ್ಕೂಟರ್ ಬಂದ್ ಮಾಡದೆಯೇ ಸಹಿ ಹಾಕಿದರು. ಒಬ್ಬರು ತಮ್ಮದರ ಕೆಳಗೆ ಹೆಂಡತಿಯದನ್ನೂ ಹಾಕಿಕೊಟ್ಟರು. ಇನ್ನೊಬ್ಬರು, "ಗಟಾರದ್ದೇನು?" ಎಂದರು, ಉತ್ತರ ಕೇಳದೆ ಸಹಿ ಹಾಕಿ ಟಿವಿಯ ಮುಂದೆ ಹೋಗಿ ಕೂತರು. ಹತ್ತೂವರೆ ಬೇಕೆಂದಿದ್ದ ಆರು ಮಂದಿಯಲ್ಲಿ ಇಬ್ಬರು ಆರು ಗಂಟೆಗೂ ಸಹಿ ಹಾಕಿಬಿಟ್ಟರು. ಓದಿದವರು ಒಬ್ಬರೂ ಇಲ್ಲ.

ನನಗೆ ಎಷ್ಟು ಖುಷಿ ಎಂದರೆ, ಕಾಶವ್ವನ ಮನೆಗೆ ಗೆದ್ದು ಬಂದವಳ ಹಾಗೆ ಹೋದೆ. ಅವತ್ತು ಅವಳಿಗೆ ರಜೆ. ರೊಟ್ಟಿ ಬಡಿಯುತ್ತಿದ್ದಳು.

"ಕಾಶವ್ವಾ, ನಿನ್ನ ಕೆಲಸ ಆತು. ಇಲ್ಲೊಂದು ಹೆಬ್ಬೆಟ್ಟು ಒತ್ತು." ಇಂಕಿನ ಪ್ಯಾಡನ್ನೂ ಮುಂದೆ ಹಿಡಿದೆ.

ಅವಳು ಕೈ ಒರೆಸಿಕೊಂಡಳು. ಪ್ಯಾಡ್ ಮುಟ್ಟಲಿಲ್ಲ. "ಏನ್ ಬರದೈತಿ, ಓದಿ ಹೇಳ್ರಿ ಮೊದಲ."

ಓದಿದೆ.

"ಸಭಾ ಯಾವಾಗ ಆತ್ರಿ?"

"ಸಭಾ ಆಗಿಲ್ಲ. ಆಗೇತಿ ಅಂತ ಬರಕೊಳ್ಳೂದು ಅಷ್ಟ."

"ಆಗಲಾರದ ಸಭಾಕ್ಕ ನಾ ಇದ್ನಿ ಅಂತ ಹೆಂಗ ಒತ್ತಲಿ ಅಕ್ಕೋರ? ಹಂಗ ಮಾಡೇ ಅಲ್ಲೇನ್ರೀ ನಮ್ಮ ನೀರು ಹೋಗಿದ್ದು?"

ಎಂ.ಎ., ಬಿ.ಎಡ್. ಓದಿದವಳು ನಾನು. ಓದದೆ ಸಹಿ ಹಾಕಿದವಳೂ ನಾನೇ. ಶಾಲೆಯ ಮುಖ ನೋಡದ ಕಾಶವ್ವ, ನೀರು ಅವಳಿಗೇ ಬೇಕಾಗಿದ್ದರೂ, ಓದಿಸಿ ಕೇಳಿ ಬೇಡವೆಂದಳು. ನಾಚಿಕೆಯಾಯಿತು. ಬರಿ ನಾಚಿಕೆಯಲ್ಲ, ಯಾರೋ ತರಗತಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿದ ಹಾಗಾಯಿತು. ಅಲ್ಲೇ ಒಲೆಯ ಮುಂದೆ ಕೂತು ಕುಕ್ಕರ್ ಕಥೆಯನ್ನೆಲ್ಲ ಅವಳಿಗೆ ಹೇಳಿ, ತಪ್ಪಾಯಿತು ಎಂದೆ. ಅವಳು ಬೈಯಲಿಲ್ಲ. ಬಿಸಿ ರೊಟ್ಟಿಯೊಂದನ್ನು ತಾಟಿಗೆ ಹಾಕಿ ಮುಂದಿಟ್ಟಳು.

"ನಾವಂತೂ ಗುಡಿಗೆ ಬರಾಕ ಆಗಂಗಿಲ್ಲ. ನೀವ ನಾವಿದ್ದಲ್ಲಿ ಬರ್ರಿ," ಎಂದಳು. "ನಮಗ ಕೈಗೆ ಕೆಲಸ ಐತಿ. ಕಿವಿ ಖಾಲೀನ ಅದಾವ."

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ. ಕುಪ್ಪೇಲೂರಿನಿಂದ ಬರುವ ನಮ್ಮ ಗಣಿತದ ಮೇಷ್ಟ್ರು, "ಇದರಾಗೇನೈತ್ರಿ ವಿಶೇಷ?" ಎಂದರು. ಅವರ ಕಡೆ ಊರಿನ ಮಾತೇನಿದ್ದರೂ ರಾಣೆಬೆನ್ನೂರಿನಿಂದ ಕೆಲಸದವರನ್ನು ಹೊತ್ತ ಸಂಜೆ ಬಸ್ಸು ಬಂದ ಮೇಲೇ ಶುರುವಂತೆ. ಬಸ್ಸು ತಡವಾದರೆ ಮಾತೂ ತಡ. ಹಾವೇರಿಯಿಂದ ಬರುವ ಸಹೋದ್ಯೋಗಿ ತಮ್ಮ ಬಡಾವಣೆಯ ಕಥೆ ತೆಗೆದರು. ಅಲ್ಲಿ ಸಭೆ ಭಾನುವಾರ ಮಧ್ಯಾಹ್ನ ಮೂರಕ್ಕೆ. ಊಟ ಮಾಡಿ ಊರೆಲ್ಲ ಮಲಗಿರುವ ಹೊತ್ತು. ಎಚ್ಚರ ಇರುವವರು ಹೇಳಿದ್ದೇ ಠರಾವು!

ಯೋಚಿಸಿ ನೋಡಿ. ಮದುವೆಗೆ ಟೈಮ್ ಇಡುವಾಗ ನಾವು ಎಷ್ಟು ಲೆಕ್ಕ ಹಾಕುತ್ತೇವೆ! ಬೀಗರ ಬಸ್ಸು ಎಷ್ಟಕ್ಕೆ, ಸೋದರಮಾವನಿಗೆ ರಜೆ ಯಾವಾಗ, ಮಕ್ಕಳ ಪರೀಕ್ಷೆ ಮುಗಿಯಿತೇ. ಬರಬೇಕಾದವರು ಬರಲೇಬೇಕು ಎಂಬ ಆಸೆ ಇರುತ್ತದಲ್ಲ, ಅದಕ್ಕೆ. ಸಭೆಗೆ ಮಾತ್ರ, "ಬಂದವರು ಬರಲಿ." ಕೊನೆಗೆ ಜನರಿಗೆ ಊರಿನ ಬಗ್ಗೆ ಕಾಳಜಿಯೇ ಇಲ್ಲ ಎಂದು ಮೂಗು ಮುರಿಯುವುದು ಬೇರೆ. ಕಾಶವ್ವನಿಗೆ ಕಾಳಜಿ ಇಲ್ಲವೇ? ನಾಲ್ಕು ದಿನಕ್ಕೊಮ್ಮೆ ಬರುವ ನೀರಿನ ಬಗ್ಗೆ ಅವಳಿಗಿಂತ ಹೆಚ್ಚು ಕಾಳಜಿ ಯಾರಿಗಿದೆ?

ಕಾಕಾನನ್ನು ಒಪ್ಪಿಸಲು ಮೂರು ಸಂಜೆ, ನಾಲ್ಕು ಕಪ್ ಚಹಾ ಬೇಕಾಯಿತು. "ಸಭಾ ಅಂದ್ರ ಅದಕ್ಕೊಂದು ಗಾಂಭೀರ್ಯ ಬ್ಯಾಡೇನ್ರಿ? ಮೆಣಸಿನಕಾಯಿ ರಾಶಿ ಮುಂದ ಕುಂತು ಸಭಾ?" ಎಂದರು. "ಒಂದ ಸಲ ನೋಡೂಣು ಕಾಕಾ, ಪುಸ್ತಕಾ ಹೊತ್ತು ತಿರಗೂದರ ತಪ್ಪತೈತಿ," ಎಂದೆ. ಆ ಮಾತು ನಾಟಿತು ಅನಿಸುತ್ತದೆ.

ಶನಿವಾರ ನಮಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಒಂದೂವರೆಗೆ, ನಮ್ಮ ಓಣಿಯ ಹೆಣ್ಣುಮಕ್ಕಳು ಬುತ್ತಿ ಬಿಚ್ಚುವ ಹೊತ್ತಿಗೆ, ಕೋಲ್ಡ್ ಸ್ಟೋರೇಜ್ ದಾರಿಯಲ್ಲಿ ಅವರು ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಸಭೆ. ಮಾಲೀಕರು ಕೆಲಸ ನಿಲ್ಲದಿದ್ದರೆ ಸಾಕು ಎಂದಿದ್ದರು. ಸಮಿತಿಯ ಆರೂ ಮಂದಿ ಹಿರಿಯರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನೀರು ಬಿಡುವ ಫಕ್ಕೀರಪ್ಪನನ್ನೂ ಕರೆದಿದ್ದೆ. ಇಷ್ಟು ವರ್ಷಗಳಲ್ಲಿ ಅವನನ್ನು ಯಾವ ಸಭೆಗೂ ಕರೆದಿರಲಿಲ್ಲವಂತೆ.

ಕಾಕಾ ಎದ್ದು ನಿಂತರು. "ಮಾನ್ಯ ಸಭಿಕರೇ," ಎಂದರು. ಅಷ್ಟೇ. ಆಕ್ಷೀ!

ಮೆಣಸಿನಕಾಯಿಯ ಘಾಟು ಯಾರ ಗಾಂಭೀರ್ಯವನ್ನೂ ಕೇಳುವುದಿಲ್ಲ. ಅವರು ಸೀನಿದರು, ಪಕ್ಕದವರು ಸೀನಿದರು, ನಾನೂ ಸೀನಿದೆ. ಆರು ಮಂದಿಯ ಕಣ್ಣಲ್ಲೂ ಮೂಗಲ್ಲೂ ನೀರು. ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕರು. ಒಬ್ಬಾಕೆ ತನ್ನ ಬಾಟಲಿಯ ನೀರನ್ನು ಕಾಕಾನಿಗೆ ಕೊಟ್ಟಳು. "ಮಾರಿ ತೊಳಕೊಳ್ರಿ ಅಜ್ಜಾರ. ಎಲ್ಲಾ ಖರ್ಚು ಮಾಡಬ್ಯಾಡ್ರಿ ಮತ್ತ, ಸಂಜೀಕ ಕೈಗೆ ಬೇಕು."

ಕಾಕಾ ಮುಖ ತೊಳೆದುಕೊಂಡರು. ಬಾಟಲಿಯಲ್ಲಿ ಉಳಿದ ನೀರನ್ನು ಒಂದು ಕ್ಷಣ ನೋಡಿ, ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟರು. ಆಮೇಲೆ ಅವರು ನಿಂತು ಮಾತಾಡಲಿಲ್ಲ. ಅಲ್ಲೇ ಒಂದು ಖಾಲಿ ಚೀಲದ ಮೇಲೆ ಕೂತರು.

ಕಾಶವ್ವ ತೊಟ್ಟು ಬಿಡಿಸುತ್ತಲೇ ಮಾತಾಡಿದಳು. ಮಗುವಿನ ವಿಷಯ ಹೇಳಿದಳು. ಹೇಳುವಾಗಲೂ ಅವಳ ಬೆರಳು ನಿಲ್ಲಲಿಲ್ಲ. ಕಾಕಾ ಮೋಟರಿನ ತಾಪತ್ರಯ ಹೇಳಿದರು. ಅದೂ ಸುಳ್ಳಲ್ಲ. ಬೆಳಿಗ್ಗೆ ಆರಕ್ಕೆ ಕರೆಂಟಿಲ್ಲದಿದ್ದರೆ ಅವರೂ ಈ ವಯಸ್ಸಿನಲ್ಲಿ ಕೊಡ ಹಿಡಿದು ಮೂಲೆಯ ನಳಕ್ಕೇ ಬರಬೇಕು. ಆರೂ ಆಗದು, ಹತ್ತೂವರೆಯೂ ಆಗದು. ಮುಂದೆ?

"ಸಂಜಿ ಏಳಕ್ಕ ಬಿಟ್ರ? ಆಗ ಕರೆಂಟೂ ಇರತೈತಿ," ಎಂದಳು ಕಾಶವ್ವನ ಸೊಸೆ, ತಲೆ ಎತ್ತದೆ.

ಎಲ್ಲರೂ ಫಕ್ಕೀರಪ್ಪನ ಕಡೆ ನೋಡಿದರು. "ನನಗೇನು ಅಡ್ಡಿ ಇಲ್ಲ್ರಿ," ಎಂದ ಅವನು. "ಆಜುಬಾಜು ಓಣಿಗೆ ಸಂಜೀಕ ಬಿಡ್ತೀನಿ. ನೀವು ಕೇಳಿರಲಿಲ್ಲ ಅಷ್ಟ."

ಅಷ್ಟೇ! ಕಾಕಾ ಮಾತ್ರ ಸ್ವಲ್ಪ ಎಳೆದಾಡಿದರು. "ಏಳಕ್ಕ ನಮ್ಮ ಮನ್ಯಾಗ ಎಲ್ಲಾರೂ ಧಾರಾವಾಹಿ ನೋಡ್ತಾರ."

"ಧಾರಾವಾಹಿ ನಾಳೆನೂ ಬರತೈತ್ರಿ ಅಜ್ಜಾರ," ಎಂದಳು ಕಾಶವ್ವ. "ನೀರು ಬರಂಗಿಲ್ಲ."

ಠರಾವನ್ನು ಅಲ್ಲೇ ಬರೆದು, ಗಟ್ಟಿಯಾಗಿ ಎರಡು ಸಲ ಓದಿದೆ. ಮೂವತ್ತನಾಲ್ಕು ಸಹಿ ಮತ್ತು ಹೆಬ್ಬೆಟ್ಟು. ಪುಟದ ತುಂಬ ಕೆಂಪು ಪುಡಿ. ರಾತ್ರಿ ಅದನ್ನು ನಕಲು ಮಾಡಲು ಕೂತ ಕಾಕಾ ಮರೆತು ಕಣ್ಣು ಉಜ್ಜಿಕೊಂಡರಂತೆ. ಮರುದಿನ ಕೆಂಪು ಕಣ್ಣು ಬಿಟ್ಟುಕೊಂಡೇ ಬಂದು, "ಹೌದ್ರಿ ಅಕ್ಕೋರ, ಕೂಸಿನ ಕಥಿ ಖರೇನ ಐತಿ," ಎಂದರು.

ಮುಂದಿನ ಸಲ ನೀರು ಸಂಜೆ ಏಳಕ್ಕೆ ಬಂತು. ನಾನು ಬೇಕೆಂದೇ ಮೂಲೆಯ ನಳದ ಹತ್ತಿರ ಹೋಗಿ ನಿಂತೆ. ಕಾಶವ್ವ ಬಂದವಳೇ ಕೊಡ ತುಂಬಲಿಲ್ಲ. ಮೊದಲು ಮೊಣಕೈತನಕ ಕೈ ತೊಳೆದಳು. ಮೂಸಿದಳು. ಮತ್ತೆ ತೊಳೆದಳು. ಮಗು ಪಕ್ಕದಲ್ಲೇ ನಿಂತು, ಈ ಸಲ ಅಳದೆ, ಕೈ ಮೇಲೆತ್ತಿಕೊಂಡು ಕಾಯುತ್ತಿತ್ತು. ಅವಳು ಬಗ್ಗಿ ಎತ್ತಿಕೊಂಡು, ಅದರ ಕೆನ್ನೆಗೆ ಒದ್ದೆ ಕೈ ಒತ್ತಿದಳು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದೆ.

ಅವಳೇ ಮೊದಲು ಕೇಳಿದಳು. "ಮುಂದಿನ ಸಭಾ ಯಾವಾಗ ಇಡೂಣು ಅಕ್ಕೋರ? ನಿಮ್ಮ ಕುಕ್ಕರ್ ಎಷ್ಟೊತ್ತಿಗೆ ಸೀಟಿ ಹೊಡೀತೈತಿ, ಮೊದಲ ಅದನ್ನ ಹೇಳ್ರಿ."